ಸತ್ತ ಪದಗಳ ಸಾಲಿನಲ್ಲಿ ಕೊಪ್

ಐವತ್ತೆರಡನೆಯ ವಯಸ್ಸಿನಲ್ಲಿ ಮಾಲೈಗೆ ಓದುವ ಹುಚ್ಚು ಹಿಡಿದದ್ದೇ ಅವಳ ಗಂಡನ ಸಾವಿಗೆ ಕಾರಣವಾಯಿತು.

ಭಾನುವಾರದ ವಯಸ್ಕರ ತರಗತಿಗೆ ಹೊರಡುವ ಮುನ್ನ ಅವಳು ತಮ್ಮ ನೂಡಲ್ಸ್ ಅಂಗಡಿಯ ಹಲಗೆಯ ಮೇಲೆ ಮನೆಪಾಠ ಬರೆದು ನೋಡಿದಳು. ‘ಬದುಕಿರುವವು: ಸೋಮ್, ಮಾಲೈ. ಸತ್ತವು: ಕೊಪ್.’ ಅಳಿಸುವುದನ್ನು ಮರೆತು ಹೋದಳು.

ಥಾಯ್ ಮಾತಿನಲ್ಲಿ ಕೊಪ್ ಅಂದರೆ ಕಪ್ಪೆ. ಮಗುವಿನ ಉಬ್ಬುಗಣ್ಣು ನೋಡಿ ಅಜ್ಜಿ ಕರೆದದ್ದೇ ಮಾಲೈಯ ಗಂಡನಿಗೆ ಹೆಸರಾಗಿ ಉಳಿದಿತ್ತು. ಬೆಳಗಿನ ಜಾವದಿಂದ ಎಲುಬಿನ ಸಾರು ಕುದಿಸಿ ದಣಿದವನು ಒಳಗೆ ಚಾಪೆಯ ಮೇಲೆ ಬಿದ್ದುಕೊಂಡಿದ್ದ.

ಕರಿದ ಬಾಳೆಹಣ್ಣು ಮಾರುವ ಸೋಮಕ್ಕ ಹಲಗೆ ಓದಿದಳು. ಬಾಗಿಲ ಸಂದಿಯಿಂದ ಅವನ ಅಂಗಾಲು ನೋಡಿದಳು. ಅಷ್ಟು ಸಾಕಾಯಿತು. ಅಳುವಿನ ಸದ್ದಿಗೆ ಕೊಪ್ ಬನಿಯನ್ನಿನಲ್ಲೇ ಹೊರಬಂದಾಗ ಅರ್ಧ ಬೀದಿ ನಿಂತಿತ್ತು. ಕ್ಷೌರದ ನೊಕ್ ಕೈಯಲ್ಲಿ ಬಿಳಿ ಹೂವಿನ ಹಾರ.

“ಯಾರು ಹೋದ್ರು?” ಕೊಪ್ ಕೇಳಿದ.

“ನೀನೇ ಕಣೋ,” ಎಂದ ನೊಕ್. “ಹೆಂಡ್ತೀನೇ ಬರ್ದಿದ್ದಾಳೆ. ತಂದಿದ್ದೀನಲ್ಲ, ಹಾಕ್ಕೊಂಡ್ಬಿಡು.”

ಅಷ್ಟರಲ್ಲಿ ಮಾಲೈ ಬಂದಳು. ಹಾರ ಹಾಕಿಕೊಂಡು ನಿಂತ ಗಂಡನನ್ನು ಕಂಡು ನಗು ತಡೆಯಲಾಗಲಿಲ್ಲ.

“ವ್ಯಾಕರಣ ಕಣ್ರೋ ಅದು. ಕೊಪ್ ಅಂದ್ರೆ ಬಾಯಿ ಟಪ್ಪಂತ ಮುಚ್ಕೊಳ್ಳುತ್ತೆ, ಉಸಿರು ನಿಲ್ಲುತ್ತೆ. ಅದು ಸತ್ತ ಪದ. ಸೋಮ್ ಅಂದ್ರೆ ಮ್ಮ್ಮ್ ಅಂತ ಎಷ್ಟು ಬೇಕಾದ್ರೂ ಎಳೀಬಹುದು. ಅದು ಬದುಕಿರೋ ಪದ.”

ಎಲ್ಲರೂ ತಂತಮ್ಮ ಹೆಸರು ಎಳೆದು ನೋಡಿದರು. ಬೀದಿ ಜೇನುಗೂಡಿನಂತೆ ಗುಂಯ್‌ಗುಟ್ಟಿತು. ತಾನೂ ಸತ್ತವನೇ ಎಂದು ತಿಳಿದ ನೊಕ್ ಮುಖ ಸಪ್ಪೆ ಮಾಡಿಕೊಂಡ.

“ನಂದು ಬದುಕಿದೆ,” ಎಂದು ಬೀಗಿದಳು ಸೋಮಕ್ಕ. “ಆದ್ರೂ ತಮ್ಮಾ, ಸತ್ತ ಹೆಸ್ರು ಇಟ್ಕೊಂಡು ಒಲೆ ಹಚ್ಚಬಾರದು. ಚಾಂಗ್ ಅಂತ ಇಟ್ಕೋ. ಆನೆ. ಬಲವೂ ಬರುತ್ತೆ.”

ತನ್ನ ಆಯುಸ್ಸಿನ ಬಗ್ಗೆ ಬೀದಿಗೆ ಇಷ್ಟು ಕಾಳಜಿಯೇ ಎಂದು ಅವನ ಕಣ್ಣು ತೇವವಾಯಿತು. ಒಪ್ಪಿಕೊಂಡ. ಮಾಲೈ ಹಲಗೆ ಒರೆಸಿ ‘ಬದುಕಿರುವವು’ ಸಾಲಿಗೆ ಅವನನ್ನು ಸೇರಿಸಿದಳು.

ಸಂಜೆ ಎಂದಿನಂತೆ ಪಾತ್ರೆ ತೊಳೆಯುವ ಹೊತ್ತಿಗೆ ಅವನು ಮೆಲ್ಲಗೆ ಜಾರಿಕೊಂಡು, ಕಾಲುವೆ ದಾಟಿ, ನೊಕ್ ಜೊತೆ ಚದುರಂಗಕ್ಕೆ ಕುಳಿತ. ಇಪ್ಪತ್ತೆಂಟು ವರ್ಷಗಳಿಂದ ಮಾಲೈ ಅಂಗಳದಲ್ಲಿ ನಿಂತು “ಕೊಪ್” ಎನ್ನುತ್ತಿದ್ದಳು; ಆ ಕೂಗು ಬೇಲಿ ಮುಟ್ಟುವುದರೊಳಗೆ ಸತ್ತುಹೋಗುತ್ತಿತ್ತು. ಕೇಳಿಸಲೇ ಇಲ್ಲ ಎಂದರೆ ಅವಳೂ ನಂಬುತ್ತಿದ್ದಳು.

ಅವನು ಕುದುರೆ ನಡೆಸಲು ಕೈ ಎತ್ತಿದ್ದನಷ್ಟೆ.

“ಚಾಆಆಂಗ್‌ಗ್‌ಗ್‌ಗ್...”

ಕೂಗು ಬೇಲಿ ದಾಟಿತು, ಕಾಲುವೆ ದಾಟಿತು, ದೇವಾಲಯದ ಗೋಡೆಗೆ ಬಡಿದು ಇನ್ನೊಮ್ಮೆ ಬಂತು.

“ಎದ್ದೇಳಪ್ಪಾ,” ಎಂದ ನೊಕ್, ಕಾಯಿಗಳನ್ನು ಡಬ್ಬಿಗೆ ತುಂಬುತ್ತ. “ನಾನಂತೂ ಹೆಸ್ರು ಬದಲಾಯ್ಸಲ್ಲ.”