ಹಿಂದಿನ ಸೀಟಿನ ಮೊಸರು ಕುಡಿಕೆ

ಹೆಬ್ಬಾಳದಿಂದ ಯಲಹಂಕದವರೆಗೆ ರಸ್ತೆಯ ಎರಡೂ ಬದಿಗೆ ನಿಂತಿರುವ ಕಾರಿನ ಶೋರೂಮುಗಳ ವಾಚ್‌ಮನ್‌ಗಳಿಗೆಲ್ಲ ನಮ್ಮ ಸೋದರಮಾವ ಗೊತ್ತು. ಬೇರೆ ಗಿರಾಕಿ ಬಂದರೆ ಅವರು ಸೆಲ್ಯೂಟ್ ಹೊಡೆಯುತ್ತಾರೆ. ನಮ್ಮ ಮಾವ ಬಂದರೆ ಗಾಜಿನ ಬಾಗಿಲಲ್ಲಿ ತಲೆ ತೂರಿಸಿ, ‘ಮೇಡಂ, ಮೊಸರು ಬಂತು!’ ಎಂದು ಕೂಗುತ್ತಾರೆ.

ನೀವು ನಗುತ್ತೀರಿ. ನಗಿ! ಅವರ ಜೊತೆ ಹೋಗಿ ಬರುವವರೆಗೆ ನಾನೂ ನಗುತ್ತಲೇ ಇದ್ದೆ.

ಕೆಂಪಾಪುರ ಇನ್ನೂ ಹಳ್ಳಿಯಾಗಿದ್ದಾಗ ಮಾವನ ಮನೆಯಲ್ಲಿ ಹನ್ನೊಂದು ಎಮ್ಮೆಗಳಿದ್ದವು. ಬೆಳಗಾಗುತ್ತಲೇ ಮಾವ ಮೊಸರಿನ ಕುಡಿಕೆಗಳನ್ನು ಸೈಕಲ್ಲಿಗೆ ಕಟ್ಟಿಕೊಂಡು ಆರ್.ಟಿ. ನಗರದ ಮನೆಮನೆಗೆ ಕೊಟ್ಟು ಬರುತ್ತಿದ್ದರು. ಆಮೇಲೆ ಸೈಕಲ್ ಹೋಗಿ ಟೆಂಪೋ ಬಂತು, ಎಮ್ಮೆಗಳು ಹೋಗಿ ಬಾಡಿಗೆ ಮನೆಗಳು ಬಂದವು. ಕೊಟ್ಟಿಗೆ ಇದ್ದಲ್ಲಿ ಈಗ ನಾಲ್ಕು ಅಂತಸ್ತಿನ ಕಟ್ಟಡ. ಆದರೂ ಮಾವ ಒಂದು ಹಸುವನ್ನು ಮಾತ್ರ ಇಟ್ಟುಕೊಂಡಿದ್ದಾರೆ. ಪಾರ್ಕಿಂಗಿನಲ್ಲಿ ಬಾಡಿಗೆಯವರ ಎರಡು ಕಾರು, ಮೂರು ಬೈಕು, ಮಾವನ ಒಂದು ಹಸು. ಗಾಡಿ ಹಿಂದಕ್ಕೆ ತೆಗೆಯುವಾಗ ಹಾರನ್ ಮಾಡಬಾರದು ಎಂಬುದು ಬಾಡಿಗೆ ಕರಾರಿನಲ್ಲೇ ಇದೆ!

ಇನ್ನು ಅತ್ತೆಯ ವಿಷಯ. ಒಂದೂವರೆ ವರ್ಷದ ಹಿಂದೆ ಇಬ್ಬರೂ ಒಂದು ಗೃಹಪ್ರವೇಶದ ಊಟ ಮುಗಿಸಿಕೊಂಡು ಸ್ಕೂಟರಿನಲ್ಲಿ ಬರುತ್ತಿದ್ದರು. ಅಮೃತಹಳ್ಳಿಯ ಒಂದು ಅಡ್ಡರಸ್ತೆಯಲ್ಲಿ ಹಿಂದಿನ ದಿನ ಇಲ್ಲದ ಹಂಪ್ ಅಂದು ಎದ್ದಿತ್ತು. ಅದಕ್ಕೆ ಬಣ್ಣ ಬಳಿದಿರಲಿಲ್ಲ. ಮಾವ ನೋಡಲಿಲ್ಲ. ಸ್ಕೂಟರ್ ಹಾರಿತು, ಹಿಂದೆ ಕೂತಿದ್ದ ಅತ್ತೆ ಬಿದ್ದರು. ಬೆನ್ನುಮೂಳೆಗೆ ಆಪರೇಷನ್ ಆಯಿತು. ‘ಮನೇಲಿ ಓಡಾಡಬಹುದು, ಹೊರಗೂ ಹೋಗಬಹುದು, ಆದರೆ ಕುಲುಕಾಟ ಕೂಡದು’ ಎಂದರು ಡಾಕ್ಟರು. ಬೆಂಗಳೂರಿನಲ್ಲಿ ಇದ್ದುಕೊಂಡು ಕುಲುಕಾಟ ಇಲ್ಲದೆ ಹೊರಗೆ ಹೋಗುವುದು ಹೇಗೆ ಸ್ವಾಮಿ? ಒಮ್ಮೆ ಬಾಡಿಗೆ ಕಾರಿನಲ್ಲಿ ಹೊರಟೆವು. ಜಕ್ಕೂರು ಬರುವಷ್ಟರಲ್ಲಿ ಅತ್ತೆಯ ಮುಖ ಬಿಳಿಚಿಕೊಂಡಿತು. ಹಿಂದಿರುಗಿ ಬಂದವರು ಮತ್ತೆ ಗೇಟು ದಾಟಲಿಲ್ಲ. ಮಾವ ಸ್ಕೂಟರನ್ನು ಯಾರಿಗೋ ಕೊಟ್ಟುಬಿಟ್ಟರು. ಆ ಹಂಪಿನ ಮಾತನ್ನಂತೂ ಇವತ್ತಿನವರೆಗೆ ಎತ್ತಿಲ್ಲ.

ಅತ್ತೆಗೆ ಗೇಟು ದಾಟಬೇಕಾಗಿದ್ದದ್ದು ಒಂದೇ ಕಾರಣಕ್ಕೆ. ಹೆಸರಘಟ್ಟದ ಆಚೆ, ತೋಟದಲ್ಲಿ ಅವರ ಅಕ್ಕ ಇದ್ದಾರೆ. ಅಕ್ಕನಿಗೆ ಮಂಡಿ ಇಲ್ಲ, ತಂಗಿಗೆ ಬೆನ್ನಿಲ್ಲ. ದಿನಾ ವಿಡಿಯೋ ಕಾಲ್ ಮಾಡುತ್ತಾರೆ, ನಿಜ. ಆದರೆ ಅಕ್ಕ ಫೋನ್ ಹಿಡಿಯುವ ರೀತಿಗೆ ಅತ್ತೆಗೆ ಒಂದೂವರೆ ವರ್ಷದಿಂದ ಕಂಡಿರುವುದು ಅವರ ಹಣೆ ಮತ್ತು ಸೀಲಿಂಗ್ ಫ್ಯಾನು ಮಾತ್ರ! ‘ಅವಳ ಮುಖ ನೋಡ್ಬೇಕು ಕಣೇ’ ಎಂದು ಅತ್ತೆ ನನ್ನ ಹತ್ತಿರ ಎಷ್ಟೋ ಸಲ ಹೇಳಿದ್ದರು. ಆ ತೋಟಕ್ಕೆ ಕೊನೆಯ ಎರಡು ಕಿಲೋಮೀಟರ್ ಮಣ್ಣಿನ ದಾರಿ. ಟ್ರ್ಯಾಕ್ಟರ್ ಓಡಾಡಿ ಮೊಣಕಾಲುದ್ದದ ಹಳ್ಳ ಬಿದ್ದಿದೆ.

ಹೀಗಿರುವಾಗ ಅರವತ್ತೆಂಟು ವರ್ಷದ ಮಾವ ಒಂದು ಭಾನುವಾರ ಎಲ್ಲರೆದುರು ಘೋಷಿಸಿದರು.

“ಕರೆಂಟ್ ಕಾರ್ ತಗೋತೀನಿ. ಗುಡ್ಡ ಅತ್ತೋದು, ಗುಂಡಿ ದಾಟೋದು. ನಿಮ್ಮತ್ತೇನ ಅವ್ಳ ಅಕ್ಕನ ತಾವ ಕರ್ಕೊಂಡೋಗ್ಬೇಕು.”

ನಾವು ದಂಗಾದೆವು. ದಂಗಾಗುವುದಕ್ಕೆ ಅದು ಬರೀ ಶುರು ಎಂದು ಆಗ ಗೊತ್ತಿರಲಿಲ್ಲ.

ಮರುದಿನವೇ ಎಲೆಕ್ಟ್ರಿಷಿಯನ್ ಬಂದ. ಹಸುವಿನ ಪಕ್ಕದ ಗೋಡೆಗೆ ಚಾರ್ಜರ್ ಕೂರಿಸಿ, ‘ಗಾಡಿ ಎಲ್ಲಿ ಸರ್, ಟೆಸ್ಟ್ ಮಾಡ್ತೀನಿ’ ಎಂದ. ‘ಗಾಡಿ ಇನ್ನೂ ತಗೊಂಡಿಲ್ಲ’ ಎಂದರು ಮಾವ. ಅವನು ಹಸುವನ್ನು ನೋಡಿದ, ಚಾರ್ಜರ್ ನೋಡಿದ, ಮತ್ತೆ ಹಸುವನ್ನು ನೋಡಿದ. ಸಾಮಾನು ಎತ್ತಿಕೊಂಡು ಹೋದ. ಹಸು ಮಾತ್ರ ಸಂತೋಷವಾಗಿತ್ತು. ಕತ್ತು ತುರಿಸಿಕೊಳ್ಳಲು ಅದಕ್ಕೆ ಅಷ್ಟು ಒಳ್ಳೆಯ ಜಾಗ ಹಿಂದೆ ಸಿಕ್ಕಿರಲಿಲ್ಲ.

ಮುಂದಿನ ಶನಿವಾರ ನನಗೆ ಬುಲಾವ್ ಬಂತು. ನಾನು ಯಲಹಂಕದ ಕಾಲೇಜಿನಲ್ಲಿ ಪಾಠ ಮಾಡುವವಳು. ಕಾರಿನ ಶೋರೂಮಲ್ಲವೇ ಎಂದು ಒಳ್ಳೆಯ ಸೀರೆ ಉಟ್ಟುಕೊಂಡು ಹೋದೆ. ಮಾವ ಬಿಳಿ ಪಂಚೆ, ಹೆಗಲ ಮೇಲೆ ಟವೆಲ್ಲು, ಕೈಯಲ್ಲಿ ಬಾಳೆಲೆ ಮುಚ್ಚಿ ದಾರ ಕಟ್ಟಿದ ಮಣ್ಣಿನ ಕುಡಿಕೆ ಹಿಡಿದುಕೊಂಡು ಇಳಿದು ಬಂದರು. ದಾರಿಯಲ್ಲಿ ದೇವಸ್ಥಾನಕ್ಕೆ ಕೊಡುವುದಿರಬೇಕು ಎಂದುಕೊಂಡೆ. ದಾರಿಯಲ್ಲಿ ಎಲ್ಲೂ ನಿಲ್ಲಲಿಲ್ಲ! ಮಾವ ನೇರವಾಗಿ ಶೋರೂಮಿಗೆ ನುಗ್ಗಿ, ಫಳಫಳ ಹೊಳೆಯುವ ಕಾರಿನ ಹಿಂದಿನ ಬಾಗಿಲು ತೆಗೆದು, ಎಡಗಡೆ ಸೀಟಿನ ಮೇಲೆ ಬಟ್ಟೆಯ ಸಿಂಬೆ ಇಟ್ಟು, ಅದರ ಮೇಲೆ ಕುಡಿಕೆ ಕೂರಿಸಿ, ಅದಕ್ಕೆ ಸೀಟ್ ಬೆಲ್ಟ್ ಕಟ್ಟಿದರು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ನನಗೆ.

“ಸರ್, ಅದರಲ್ಲಿ ಏನಿದೆ?” ಶೋರೂಮಿನ ಹೆಣ್ಣುಮಗಳು ಕೇಳಿದಳು.

“ಮೊಸರು. ರಾತ್ರಿ ನಾನೇ ಎಪ್ಪಾಕಿದ್ದು. ನಡಿಯಮ್ಮ, ಒಂದ್ ರೌಂಡ್ ಓಡ್ಸು.”

ಮಾವನ ಲೆಕ್ಕಾಚಾರ ಹೀಗೆ. ಗಟ್ಟಿ ಮೊಸರನ್ನು ಕುಲುಕಿದರೆ ಅದು ಬಿರುಕು ಬಿಟ್ಟು ನೀರೊಡೆಯುತ್ತದೆ. ಅವರ ಸೈಕಲ್ ಕಾಲದಲ್ಲಿ ನೀರೊಡೆದ ಮೊಸರನ್ನು ಆರ್.ಟಿ. ನಗರದ ಹೆಂಗಸರು ಬಾಗಿಲಲ್ಲೇ ವಾಪಸು ಕಳಿಸುತ್ತಿದ್ದರಂತೆ. ಆದ್ದರಿಂದ ಮೊಸರು ಒಡೆಯದ ಗಾಡಿಯೇ ಗಾಡಿ, ಉಳಿದದ್ದೆಲ್ಲ ತಗಡು.

ಆ ಹೆಣ್ಣುಮಗಳು ಪಾಪ, ನುಣ್ಣನೆಯ ಏರ್‌ಪೋರ್ಟ್ ರಸ್ತೆಗೆ ತಿರುಗಿಸಲು ಹೊರಟಳು. ಮಾವ ಬಿಡಲಿಲ್ಲ. ಎಲ್ಲಾ ಗುಡ್ಡಗಾಡಿನಲ್ಲೂ ಓಡುತ್ತದೆ ಎಂದು ನೀನೇ ಹೇಳಿದೆಯಲ್ಲ ಎಂದು ಪೈಪು ಹೂಳಲು ಅಗೆದು ಬಿಟ್ಟಿದ್ದ ರಸ್ತೆಗಳಿಗೇ ಕರೆದೊಯ್ದರು. ಆಫ್-ರೋಡ್ ಹುಡುಕಿಕೊಂಡು ಜನ ಲಡಾಖಿಗೆ ಯಾಕೆ ಹೋಗುತ್ತಾರೋ! ಒಂದು ವಿಚಿತ್ರ ಮಾತ್ರ ನಾನು ಗಮನಿಸಿದೆ. ಸುತ್ತಮುತ್ತಲ ಕೆಟ್ಟ ರಸ್ತೆ ಒಂದನ್ನೂ ಬಿಡದ ಮಾವ, ಅಮೃತಹಳ್ಳಿಯ ಆ ಅಡ್ಡರಸ್ತೆ ಬಂದಾಗ ಮಾತ್ರ, ‘ಇಲ್ಲಿ ಬ್ಯಾಡ, ಮುಂದೆ ನಡಿ’ ಎಂದರು.

ಗುಂಡಿಗಳನ್ನೆಲ್ಲ ಆ ಕಾರು ಚೆನ್ನಾಗಿಯೇ ದಾಟಿತು. ಆದರೆ ಅದಕ್ಕೊಂದು ಗುಣವಿತ್ತು. ಆಕ್ಸಿಲರೇಟರಿನಿಂದ ಕಾಲು ಎತ್ತಿದರೆ ಸಾಕು, ತಾನೇ ಬ್ರೇಕ್ ಹಿಡಿದುಕೊಂಡು ಆ ಶಕ್ತಿಯಿಂದ ಬ್ಯಾಟರಿಗೆ ಕರೆಂಟ್ ತುಂಬಿಕೊಳ್ಳುತ್ತಿತ್ತು. ‘ನೋಡಿ ಸರ್, ಎಷ್ಟು ಉಳಿತಾಯ!’ ಎಂದು ಅವಳು ಹೆಮ್ಮೆಯಿಂದ ಕಾಲೆತ್ತಿದಾಗಲೆಲ್ಲ ನಾವೆಲ್ಲ ಮುಂದಕ್ಕೆ ಮುಗ್ಗರಿಸಿದೆವು. ವಾಪಸು ಬಂದು ಮಾವ ಬಾಳೆಲೆ ಬಿಚ್ಚಿದರು. ಮೊಸರಿನ ನಡುವೆ ಉದ್ದಕ್ಕೂ ಬಿರುಕು.

“ಕರೆಂಟೇನೋ ಉಳೀತು. ಮೊಸರು ಓಯ್ತಲ್ಲಮ್ಮ!”

ಹೀಗೆ ಏಳು ಶನಿವಾರ, ಏಳು ಗಾಡಿ. ಒಂದರಲ್ಲಿ ಸೀಟು ತಾನೇ ಬೆನ್ನು ಒತ್ತುತ್ತಿತ್ತು. ಅದು ಗೊತ್ತಿಲ್ಲದೆ ಕೂತ ಮಾವ, ‘ಯಾರೋ ಇಂದೆ ಅವ್ರೆ!’ ಎಂದು ಕಿರುಚಿ ಪಂಚೆ ಎತ್ತಿಕೊಂಡು ಹಾರಿದರು. ಮುಂದಿನ ಸೀಟಿಗೆ ಮಾತ್ರ ಆ ಸೇವೆ, ಹಿಂದಿನದಕ್ಕಿಲ್ಲ ಎಂದು ತಿಳಿದ ಮೇಲೆ ಆ ಗಾಡಿಯನ್ನು ಓಡಿಸಿಯೂ ನೋಡಲಿಲ್ಲ. ಇನ್ನೊಂದು ಕಡೆ ದೊಡ್ಡ ಚಕ್ರ, ತೆಳ್ಳನೆ ಟೈರು. ‘ಲುಕ್ ಬರುತ್ತೆ ಸರ್’ ಎಂದರು. ‘ನಂಗೆ ಸಣ್ಣ ಚಕ್ರ, ದಪ್ಪ ಟೈರು ಕೊಡಿ. ಲುಕ್ಕಿಟ್ಕೊಂಡು ಮೊಸರು ಏನ್ ಮಾಡ್ತದೆ?’ ಎಂದರು ಮಾವ.

ಒಡೆದ ಮೊಸರು ಎಲ್ಲಿಗೆ ಹೋಗುತ್ತಿತ್ತು ಎನ್ನುತ್ತೀರಾ? ಮನೆಗೇ! ಏಳು ವಾರ ಆ ಮನೆಯಲ್ಲಿ ಮಜ್ಜಿಗೆ ಹುಳಿ. ‘ನಿಮ್ಮ ಮಾವಂಗೆ ನನಗಿಂತ ಮೊಸರೇ ಹೆಚ್ಚು ಕಣೇ’ ಎಂದು ಅತ್ತೆ ಮಂಚದ ಮೇಲಿಂದ ನಗುತ್ತಿದ್ದರು. ನನಗೆ ನಗು ಬರಲಿಲ್ಲ. ಒಂದು ಸಂಜೆ ರೇಗಿಬಿಟ್ಟೆ.

“ಮಾವ, ಸಾಕು ಮಾಡಿ! ಒಂದು ಮೆತ್ತನೆ ದಿಂಬು ಇಟ್ಟು ಯಾವುದಾದರೂ ಕಾರಲ್ಲಿ ಕರ್ಕೊಂಡು ಹೋಗಿದ್ರೆ ಅತ್ತೆ ಇಷ್ಟೊತ್ತಿಗೆ ನಾಲ್ಕು ಸಲ ಹೋಗಿ ಬರ್ತಿದ್ರು. ನಿಮಗೆ ಶೋಕಿ!”

ಮಾವ ಹಸುವಿನ ಹತ್ತಿರ ಹೋಗಿ ನಿಂತರು. ನನಗೆ ಇನ್ನೂ ಕೋಪ ಬಂತು.

ಎಂಟನೆಯ ಗಾಡಿಯಲ್ಲಿ ಸ್ಪ್ರಿಂಗಿನ ಬದಲು ಗಾಳಿ ತುಂಬಿದ ಸಸ್ಪೆನ್ಷನ್. ಗುಂಡಿ ಬಂದಾಗ ಬಟನ್ ಒತ್ತಿದರೆ ಒಂಟೆಯ ಹಾಗೆ ಎದ್ದು ನಿಲ್ಲುತ್ತಿತ್ತು. ‘ಎದ್ದೇಳೋದು ಸರಿ, ಕೂತ್ಕೊಳ್ತದಾ?’ ಎಂದರು ಮಾವ. ಅದು ಉಸ್ಸೆಂದು ಬಗ್ಗಿತು. ನೆಲಕ್ಕೂ ಬಾಗಿಲಿಗೂ ಒಂದು ಮೆಟ್ಟಿಲಷ್ಟೂ ಅಂತರವಿಲ್ಲ! ಮಾವ ಬಗ್ಗಿ, ಆ ಅಂತರವನ್ನು ಗೇಣಿನಲ್ಲಿ ಅಳೆದು, ಹತ್ತಿದರು, ಇಳಿದರು, ಸೊಂಟ ಹಿಡಿದುಕೊಂಡು ಮತ್ತೊಮ್ಮೆ ಹತ್ತಿದರು. ಅಂದು ಮೊಸರು ಒಡೆಯಲಿಲ್ಲ. ‘ಇದೇ’ ಎಂದರು. ಇಡೀ ಶೋರೂಮು ಚಪ್ಪಾಳೆ ತಟ್ಟಿತು.

ಗಾಡಿ ಮನೆಗೆ ಬಂದ ಮೊದಲ ಭಾನುವಾರವೇ ಹೊರಟೆವು. ಹಿಂದಿನ ಎಡಗಡೆ ಸೀಟಿನಲ್ಲಿ, ಇಷ್ಟು ದಿನ ಕುಡಿಕೆ ಕೂರುತ್ತಿದ್ದ ಜಾಗದಲ್ಲಿ, ಅತ್ತೆ ಒರಗಿ ಕೂತರು. ಕುಡಿಕೆ ನಮ್ಮಿಬ್ಬರ ನಡುವೆ, ಸಿಂಬೆಯ ಮೇಲೆ, ಬೆಲ್ಟ್ ಕಟ್ಟಿಕೊಂಡು. ಮಾವ ಸ್ಟಿಯರಿಂಗ್ ಹಿಡಿದು ಎಂದಿನಂತೆ ಆ ಅಡ್ಡರಸ್ತೆ ತಪ್ಪಿಸಲು ಬಲಕ್ಕೆ ಇಂಡಿಕೇಟರ್ ಹಾಕಿದರು.

“ಎಷ್ಟು ದಿನ ಸುತ್ತಾಕ್ಕೊಂಡು ಹೋಗ್ತೀರಾ?” ಎಂದರು ಅತ್ತೆ. “ಆ ದಾರೀಲೇ ಹೋಗಿ.”

ಮಾವ ಇಂಡಿಕೇಟರ್ ತೆಗೆದರು. ಹಂಪಿಗೆ ಈಗ ಬಣ್ಣ ಬಳಿದಿದ್ದರು. ಮುಂದಿನ ಚಕ್ರ ಹತ್ತಿ ಇಳಿಯಿತು. ಹಿಂದಿನ ಚಕ್ರ ಹತ್ತುವಾಗ ಅತ್ತೆಯ ಕೈ ನನ್ನ ಮಣಿಕಟ್ಟನ್ನು ಹಿಡಿಯಿತು. ಎಷ್ಟು ಬಿಗಿಯಾಗಿ ಎಂದರೆ ಉಗುರು ನಾಟಿತು. ಕನ್ನಡಿಯಲ್ಲಿ ಮಾವನ ಕಣ್ಣು ಕಾಣುತ್ತಿತ್ತು.

“ಎಂಗಾಯ್ತು?”

“ಏನು, ಹಂಪ್ ಬಂದುಹೋಯ್ತಾ? ಗೊತ್ತೇ ಆಗ್ಲಿಲ್ಲ ಕಣ್ರೀ!”

ನಾನು ಬಾಯಿ ತೆರೆದೆ. ಅತ್ತೆ ಉಗುರನ್ನು ಇನ್ನಷ್ಟು ಒತ್ತಿದರು. ಬಾಯಿ ಮುಚ್ಚಿಕೊಂಡೆ.

ಹೆಸರಘಟ್ಟ ದಾಟಿ ಮಣ್ಣಿನ ದಾರಿಗೆ ಬಿದ್ದಾಗ ಗಾಡಿ ಎದ್ದು ನಿಂತು, ಒಂದೊಂದೇ ಹಳ್ಳ ನೋಡಿಕೊಂಡು ನಡೆಯಿತು. ಎರಡು ಕಿಲೋಮೀಟರಿಗೆ ಅರ್ಧ ಗಂಟೆ. ತೋಟದ ಬಾಗಿಲಲ್ಲಿ ಅಕ್ಕ ವಾಕರ್ ಹಿಡಿದು ನಿಂತಿದ್ದರು. ಹಣೆಯ ಕೆಳಗೆ ಮೂಗು, ಬಾಯಿ, ಗಲ್ಲ ಎಲ್ಲವೂ ಇತ್ತು. ಗಾಡಿ ಉಸ್ಸೆಂದು ಬಗ್ಗಿತು. ಮಾವ ಇಳಿದು, ಸುತ್ತಿಕೊಂಡು ಈ ಕಡೆಯ ಬಾಗಿಲಿಗೆ ಬರತೊಡಗಿದರು.

ಅಷ್ಟರಲ್ಲಿ ಅತ್ತೆ ಕುಡಿಕೆಯ ಬಾಳೆಲೆ ಸರಿಸಿದರು. ಮೊಸರು ಮೂರು ಹೋಳಾಗಿತ್ತು. ನಡುವೆ ನೀರು ನಿಂತಿತ್ತು. ನಾನು ಅತ್ತೆಯ ಮುಖ ನೋಡಿದೆ. ಅವರು ಕುಡಿಕೆಗೆ ಕೈ ಹಾಕಿ, ಗಬಗಬನೆ ತಿನ್ನತೊಡಗಿದರು! ಕೊನೆಗೆ ನೀರನ್ನೂ ಎತ್ತಿ ಕುಡಿದರು. ಬಾಗಿಲು ತೆರೆಯಿತು.

“ಮೊಸರು?” ಎಂದರು ಮಾವ.

“ಹಸಿವಾಗಿತ್ತು, ತಿಂದ್ಬಿಟ್ಟೆ. ಗಟ್ಟಿಯಾಗಿತ್ತು ಕಣ್ರೀ. ಒಂದ್ ಹನಿ ನೀರಿರ್ಲಿಲ್ಲ.”

ಹಾಗೆನ್ನುವಾಗ ಮೊಸರಿನ ನೀರು ಅವರ ಮುಂಗೈಯಿಂದ ಮೊಣಕೈವರೆಗೆ ಇಳಿಯುತ್ತಿತ್ತು. ಮಾವ ಅದನ್ನು ನೋಡಿದರು. ಹೆಗಲ ಟವೆಲ್ಲು ತೆಗೆದು ಅತ್ತೆಯ ಕೈ ಒರೆಸಿದರು, ಗಲ್ಲ ಒರೆಸಿದರು. ಆಮೇಲೆ ಅದೇ ಟವೆಲ್ಲಿನಿಂದ ತಮ್ಮ ಕಣ್ಣೊರೆಸಿಕೊಂಡರು.

“ವಾಪಸ್ ಓಗುವಾಗ ಟೈರಲ್ಲಿ ಗಾಳಿ ಸ್ವಲ್ಪ ಕಮ್ಮಿ ಮಾಡ್ತೀನಿ, ಇನ್ನೂ ಮೆತ್ತಗೆ ಓಯ್ತದೆ” ಎಂದರು.

ಅತ್ತೆ ‘ಹೂಂ’ ಎಂದು ಅವರ ಕೈ ಹಿಡಿದು ಇಳಿದರು.