ಬಿಂದಪ್ಪ ಮಾಸ್ತರರ ಕೃಷ್ಣಕಮಲ ವಿಜಯ

ಯುಗಗಳಲ್ಲಿ ಕಲಿಯುಗ, ಮಾಸಗಳಲ್ಲಿ ಶ್ರಾವಣ, ಧಾರವಾಡದ ಹಿತ್ತಲುಗಳಲ್ಲಿ ಬಿಂದಪ್ಪ ಮಾಸ್ತರರ ಹಿತ್ತಲು. ಸಜ್ಜನರೇ, ಕೈಕಾಲು ತೊಳೆದು ಬಂದು ಕೂತು ಕೇಳಿ. ಯಾವ ಹೂವಿನ ನೀಲಿ ಎಳೆಗಳಾಗಿ ನೂರು ಮಂದಿ ಕೌರವರು ಸುತ್ತುಗಟ್ಟಿ ನಿಂತಿರುವರೋ, ಯಾವುದರ ನಡುವೆ ಹಳದಿ ಪುಡಿ ಹೊತ್ತ ಐದು ಕೇಸರಗಳಾಗಿ ಪಾಂಡವರು ಮೆರೆಯುವರೋ, ಅಂಥ ಕೃಷ್ಣಕಮಲದ ಬಳ್ಳಿಗಾಗಿ ನಡೆದ ಮಹಾಸಮರವನ್ನು ಹೇಳುತ್ತೇನೆ. ಹೇಳಿಸುವವನು ಆ ಕೃಷ್ಣನೇ. ತಪ್ಪಾದರೆ ಅದು ಮಾತ್ರ ನನ್ನದು.

ಕತ್ತರೀಧರರೂ, ನೀರ್ಗೊಡಪಾಣಿಗಳೂ, ಸಾಲೆಯ ಮೈದಾನದಲ್ಲಿ ಸೀಟಿಯೆಂಬ ಪಾಂಚಜನ್ಯವನ್ನು ಊದಿ ಬಾಲಸೇನೆಗಳನ್ನು ನಡುಗಿಸಿದ ನಿವೃತ್ತ-ಡ್ರಿಲ್‌ಮಾಸ್ತರ-ಶಿರೋಮಣಿಗಳೂ ಆದ ಬಿಂದಪ್ಪನವರಿಗೆ ಎದುರಾಳಿ ಹೊರಗಿನವರಲ್ಲ. ಸೌಟುಪಾಣಿಯೂ ಸತ್ಯವಾದಿನಿಯೂ ಆದ ಧರ್ಮಪತ್ನಿ ತುಂಗಾಬಾಯಿ. ಬಳ್ಳಿ ಎರಡು ಮಳೆಗಾಲ ಚಪ್ಪರದ ತುಂಬ ಎಲೆ ಹಬ್ಬಿಸಿತ್ತೇ ಹೊರತು ಒಂದು ಹೂ ಕೊಟ್ಟಿರಲಿಲ್ಲ.

“ಎಲಿ ತಿನ್ನಲಿಕ್ಕೆ ನಾವೇನು ಆಡೇನ್ರಿ?” ಎಂದರು ತುಂಗಾಬಾಯಿ. “ಅಷ್ಟಮಿ ದಿನ ನಮ್ಮ ಕೃಷ್ಣನ ತಲಿ ಮ್ಯಾಲೆ ಒಂದಾದ್ರೂ ಹೂ ಬರಬೇಕು. ಇಲ್ಲಾಂದ್ರ ಮರುದಿನ ಬಳ್ಳಿ ಕಿತ್ತು ಹೀರಿಕಾಯಿ ಬೀಜ ಹಾಕ್ತೀನಿ.”

ಮಾಸ್ತರರು ಎದ್ದು ನಿಂತರು. “ಕೇಳು, ಹೀರೇಕಾಯಿ-ಪಕ್ಷಪಾತಿನಿಯೇ. ಸೂರ್ಯನು ಪಡುವಣದಲ್ಲಿ ಉದಿಸಲಿ, ಕೆಲಗೇರಿಯ ಕೆರೆ ಬತ್ತಿ ಬಯಲಾಗಲಿ, ಅಷ್ಟಮಿಯಂದು ಕೃಷ್ಣಕಮಲವು ಕೃಷ್ಣನ ಕಿರೀಟವನ್ನು ಏರದಿದ್ದರೆ ನಾನು ಸೀಟಿ ಹಿಡಿದವನೇ ಅಲ್ಲ.”

“ಚಹಾ ಆರಲಿಕ್ಕತ್ತದ, ಕುಡೀರಿ.”

ಇಂತು ಪ್ರತಿಜ್ಞೆಗೈದ ವೀರವರೇಣ್ಯರು, ಸಗಣಿಗೊಬ್ಬರದ ಅತಿಭೋಜನದಿಂದ ಬಳ್ಳಿ ಎಲೆಯಲ್ಲೇ ಸೊಕ್ಕಿದೆಯೆಂದರಿತು ಗೊಬ್ಬರ ನಿಲ್ಲಿಸಿದರು; ಒಣಕುಡಿಗಳನ್ನು ತರಿದು, ಎಳೆಗುಡಿಗಳನ್ನು ಬಾಳೆನಾರಿನಿಂದ ಬಿಸಿಲಿನ ಕಡೆಗೆ ಕಟ್ಟಿದರು. ಮೊಗ್ಗೊಂದು ಮೂಡಿತು. ಮೂಡಿದ್ದೇ ತಡ, ಕಂಬಳಿಹುಳುಗಳ ಅಕ್ಷೌಹಿಣಿ ಚಪ್ಪರವೇರಿತು. ಶ್ರಾವಣದಲ್ಲಿ ಹಿಂಸೆ ಸಲ್ಲದು. ಆದ್ದರಿಂದ ಕೀಟಕುಲ-ಕಾಲಭೈರವರು ಒಂದೊಂದು ಹುಳುವನ್ನೂ ಎಲೆಸಹಿತ ಬಿಡಿಸಿ, ತೆಂಗಿನ ಚಿಪ್ಪಿನ ರಥದಲ್ಲಿ ಕೂರಿಸಿ, ಬೇಲಿಯಾಚೆ ವನವಾಸಕ್ಕೆ ಕಳಿಸಿದರು. ತಿರುಗಿ ಬಂದವುಗಳನ್ನು ತಿರುಗಿ ಕಳಿಸಿದರು.

ಅಷ್ಟಮಿಯ ಬೆಳಗು ಹೂ ಅರಳಿತು.

“ಹೂ ಹರಿಯೂ ಮುಂದ ಮೂಸಬ್ಯಾಡ್ರಿ ಮತ್ತ,” ಒಳಗಿನಿಂದ ತುಂಗಾಬಾಯಿ ಕೂಗಿದರು. “ಮೂಸಿದ ಹೂ ದೇವರಿಗೆ ಬರೂದಿಲ್ಲ.”

ಮಿಂದು ಮಡಿಯುಟ್ಟು, ಚಸ್ಮಾವನ್ನು ಗೂಡಿನಲ್ಲೇ ಬಿಟ್ಟು ಬಂದಿದ್ದ ಮಾಸ್ತರರು ಹೂ ಬಿಡಿಸಿದರು. ಆಗ ಅವರ ಮನಸ್ಸಿನಲ್ಲಿ ಒಂದು ಆಸೆ ಹುಟ್ಟಿತು: ಪಾಂಡವರು ಐವರೂ ಬಂದಿದ್ದಾರೋ ಇಲ್ಲವೋ ನೋಡಬೇಕು. ಹೂವನ್ನು ಹತ್ತಿರ ತಂದರು. ಮಸುಕು. ಇನ್ನೂ ಹತ್ತಿರ ತಂದರು. ಅಯ್ಯೋ, ಕಣ್ಣಿಗೂ ಹೂವಿಗೂ ನಡುವೆ ವಿಧಿಯು ವಂಶಪರಂಪರೆಯಿಂದ ಬಂದ ಆ ಉದ್ದನೆಯ ಮೂಗನ್ನು ಇಟ್ಟಿತ್ತು.

ದೇವರ ಕೋಣೆಯ ಬಾಗಿಲಲ್ಲಿ ತುಂಗಾಬಾಯಿ ಹೂವನ್ನು ನೋಡಲಿಲ್ಲ, ಗಂಡನ ಮುಖ ನೋಡಿದರು.

“ಮೂಸಿದ್ರಿ.”

“ಇಲ್ಲಾ. ಚಸ್ಮಾ ಇರಲಿಲ್ಲ, ಹತ್ರ ಹಿಡಿದು ನೋಡಿದೆ ಅಷ್ಟ.”

“ಹಂಗಾದ್ರ ಮೂಗಿನ ತುದಿಗೆ ಅದೇನು ಹಳದಿ?”

ಮಾಸ್ತರರು ಮುಟ್ಟಿ ನೋಡಿಕೊಂಡರು. ಪಾಂಡವರು ಐವರೂ ಬಂದಿದ್ದರು. ಸುಳ್ಳಿಗೆ ನಿಲ್ಲದೆ ಮೂಗಿನ ಮೇಲೆಯೇ ಸಾಕ್ಷಿ ನುಡಿದಿದ್ದರು.

ವೀರರ ಕಂಠದಲ್ಲಿ ಸಂಸ್ಕೃತ ಉಳಿಯಲಿಲ್ಲ. “ಹಂಗಾದ್ರ ನಾಳೆ ಕೀಳ್ತೀಯೇನು?” ಎಂದು ಮೆಲ್ಲಗೆ ಕೇಳಿದರು.

ತುಂಗಾಬಾಯಿ ಅವರ ಕೈಯಿಂದ ಹೂ ತೆಗೆದುಕೊಂಡು ತಮ್ಮ ತುರುಬಿಗೆ ಸಿಕ್ಕಿಸಿಕೊಂಡರು. “ಬಳ್ಳಿ ತನ್ನ ಕೆಲಸ ಮಾಡ್ಯದ. ಅದನ್ಯಾಕ ಕೀಳ್ಲಿ? ತಪ್ಪಿದ್ದು ನಿಮ್ಮ ಮೂಗು. ಹೀರಿಕಾಯಿಗೆ ಆ ಕಡೆ ಗ್ವಾಡಿಗೆ ಬ್ಯಾರೆ ಚಪ್ಪರ ಹಾಕಿಕೊಡ್ರಿ.” ಹುರಿದ ಶೇಂಗಾದ ಬುಟ್ಟಿ ತಂದು ಮುಂದಿಟ್ಟರು. “ಸದ್ಯ ಉಪವಾಸದ ಫಳಾರದ ಉಂಡಿಗೆ ಇವನ್ನ ತಿಕ್ಕಿ ಊದ್ರಿ. ಮೂಗಂತೂ ಕೈ ಮೀರಿ ಹೋತು, ಬಾಯಾದ್ರೂ ಹಿಡಿತದಾಗ ಇರ್ಲಿ.”

ಆ ಹೊತ್ತು ಕೃಷ್ಣನು ಎಂದಿನಂತೆ ಒಂದು ದಳ ತುಳಸಿಯಿಂದ ತೃಪ್ತನಾದನು. ಮಾಸ್ತರರು ಮಣೆಯ ಮೇಲೆ ಕೂತು, ಒಂದು ಕಾಲಕ್ಕೆ ಬಾಲಸೇನೆಗಳನ್ನು ನಡುಗಿಸಿದ ಅದೇ ಉಸಿರಿನಿಂದ ಶೇಂಗಾದ ಹೊಟ್ಟು ಊದಿದರು. ಕೆಂಪು ಸಿಪ್ಪೆಯೊಂದು ಹಾರಿ, ತಿರುಗಿ ಬಂದು, ಹಳದಿ ಮೂಗಿನ ಮೇಲೆ ಕೂತಿತು.