ಫ್ರೀಡಾಳಿಗೆ ತಂದ ಅಗ್ಗದ ಗುಂಡು

ಮದುವೆಯಾದ ಹತ್ತೊಂಬತ್ತು ವರ್ಷಗಳಲ್ಲಿ ನನ್ನ ಹೆಂಡತಿ ಫ್ರೀಡಾ ಗುಂಡು ಕೇಳಿದ್ದು ಅದೇ ಮೊದಲು. ಅದೂ ಕುವೈತಿನಲ್ಲಿ, ಫಿಂಟಾಸ್‌ನ ನಮ್ಮ ಫ್ಲ್ಯಾಟಿನಲ್ಲಿ, ಚರ್ಚಿನಲ್ಲಿ ಶುಕ್ರವಾರದ ಬಲಿಪೂಜೆ ಮುಗಿಸಿ ಬಂದು ಇನ್ನೂ ಚಪ್ಪಲಿ ಕಳಚುತ್ತಿರುವಾಗ.

"ನಂಗೆ ಸ್ವಲ್ಪ ಗುಂಡು ಬೇಕಿತ್ತು. ತುಂಬ ರೇಟಿಂದು ಬೇಡ, ಆದ್ರೆ ಒಳ್ಳೇದಿರ್ಬೇಕು," ಎಂದಳು.

ನಾನು ಹೋಗಿ ಬಾಗಿಲು ಭದ್ರವಾಗಿದೆಯೇ ನೋಡಿ ಬಂದೆ. ಮದ್ಯ ನಿಷೇಧವಿರುವ ಈ ದೇಶದಲ್ಲಿ ಆ ವಸ್ತುವನ್ನು ಮನಸ್ಸಿನಲ್ಲಿ ನೆನೆಯುವಾಗಲೂ ದನಿ ತಗ್ಗಿಸಬೇಕು. (ರಜೆಗೆ ಊರಿಗೆ ಹೋದಾಗ ನಾನು ಎರಡು ಹನಿ ತೆಗೆದುಕೊಂಡರೆ ಮೂರು ದಿನ ಮಾತು ಬಿಡುವವಳು ಇವಳು.) ವಿಚಾರಿಸಿದಾಗ ತಿಳಿಯಿತು, ಆಕೆ ಕೇಳಿದ್ದು ಗ್ಲಾಸಿಗೆ ಹಾಕುವ ಗುಂಡಲ್ಲ, ಪಿಸ್ತೂಲಿಗೆ ಹಾಕುವ ಗುಂಡು. ಸದ್ಯ ಎಂದುಕೊಂಡು ಸೋಫಾದಲ್ಲಿ ಕುಳಿತೆ. ಕುಳಿತ ಮೇಲೆ, ಇದರಲ್ಲಿ ಸಮಾಧಾನಪಡುವಂಥದ್ದು ಏನಿದೆ ಎಂದು ಹೊಳೆದು ಮತ್ತೆ ಎದ್ದು ನಿಂತೆ.

ಇದಕ್ಕೆಲ್ಲ ಕಾರಣ ಬೀಬಿ. ಫ್ರೀಡಾ ಜಹ್ರಾದ ಒಂದು ಕ್ಲಿನಿಕ್ಕಿನಲ್ಲಿ ಫಿಸಿಯೋಥೆರಪಿಸ್ಟ್. ಬೀಬಿ ಅರವತ್ತು ದಾಟಿದ ಕುವೈತಿ ಹೆಂಗಸು. ಹೆಗಲು ಹಿಡಿದುಕೊಂಡು ತಲೆ ಬಾಚಲೂ ಕೈ ಎತ್ತಲಾರದೆ ಫ್ರೀಡಾಳ ಬಳಿ ಬಂದವರು. ಮೂರು ತಿಂಗಳಲ್ಲಿ ಕೈ ಮೇಲೆದ್ದಿತು. ಎದ್ದ ಕೈಯನ್ನು ಏನು ಮಾಡುವುದೆಂದು ತೋಚದೆ ಬೀಬಿ ಶೂಟಿಂಗ್ ಕ್ಲಬ್ಬಿನ ಮಹಿಳೆಯರ ತರಗತಿಗೆ ಸೇರಿದರು. ಕೃತಜ್ಞತೆಯ ಭರದಲ್ಲಿ ಫ್ರೀಡಾಳ ಫೀಸನ್ನೂ ತಾವೇ ಕಟ್ಟಿ ಅವಳನ್ನೂ ಸೇರಿಸಿಬಿಟ್ಟರು. (ಬೇರೆ ರೋಗಿಗಳು ಖರ್ಜೂರದ ಡಬ್ಬಿ ಕೊಡುತ್ತಾರೆ.)

ಅಲ್ಲಿ ಹೊಸಬರಿಗೆ ಕ್ಲಬ್ಬಿನದ್ದೇ ಒಂದೊಂದು ಚಿಕ್ಕ ಪಿಸ್ತೂಲನ್ನು ಅವರವರ ಹೆಸರಿಗೆ ಮೀಸಲಿಡುತ್ತಾರೆ. ಅದು ಕ್ಲಬ್ಬಿನ ಹೊಸ್ತಿಲು ದಾಟುವಂತಿಲ್ಲ. ಗುಂಡನ್ನು ಮಾತ್ರ ನಾವೇ ಅಲ್ಲಿನ ಕೌಂಟರಿನಲ್ಲಿ ಕೊಂಡು ಅಲ್ಲೇ ಖರ್ಚು ಮಾಡಬೇಕು. ಆರು ವಾರ ಅಭ್ಯಾಸ, ಕೊನೆಗೆ ಪರೀಕ್ಷೆ. ಪಾಸಾದವರು ಮುಂದಿನ ತರಗತಿಗೆ, ಉಳಿದವರು ಮನೆಗೆ.

ನಿನಗೇಕೆ ಈ ಹುಚ್ಚು ಎಂದು ಕೇಳಿದೆ. ಫ್ರೀಡಾ ಸ್ವಲ್ಪ ಯೋಚಿಸಿ ಹೇಳಿದಳು: "ಅಲ್ಲಿ ನಿಂತ್ರೆ ತಲೆಯಲ್ಲಿ ಬೇರೆ ಎಂತದೂ ಬರುದಿಲ್ಲ ಮಾರಾಯ್ರೆ. ಅಡಿಗೆ, ಡ್ಯೂಟಿ, ಎಂತದೂ. ಅಷ್ಟು ಹೊತ್ತು ನಾನೊಬ್ಳೇ."

'ಎಂತದೂ' ಎಂಬ ಪದದೊಳಗೆ ನಾನೂ ಸೇರಿದ್ದೇನೆಯೇ ಎಂದು ಕೇಳುವ ಧೈರ್ಯವಾಗಲಿಲ್ಲ. ಆದರೆ ಗುಂಡಿನ ಆಯ್ಕೆಯನ್ನು ನನಗೆ ಬಿಟ್ಟಿದ್ದಳಲ್ಲ, ಅದು ಹಿತವೆನಿಸಿತು. ನಾನು ಶುವೈಖ್‌ನ ಒಂದು ಕಾಂಟ್ರ್ಯಾಕ್ಟಿಂಗ್ ಕಂಪೆನಿಯ ಪರ್ಚೇಸ್ ಆಫೀಸರ್. ಮನೆಯಲ್ಲಿಯೂ ಖರೀದಿ ಸಾಮ್ರಾಜ್ಯದ ಚಕ್ರವರ್ತಿ ನಾನೇ. ಒಂದು ಕೊಂಡರೆ ಒಂದು ಉಚಿತ ಎಂದು ತಂದ ಎರಡು ಇಸ್ತ್ರಿ ಪೆಟ್ಟಿಗೆಗಳಲ್ಲಿ ಒಂದು ಬಿಸಿಯಾಗುವುದಿಲ್ಲ, ಇನ್ನೊಂದು ತಣ್ಣಗಾಗುವುದಿಲ್ಲ. ನಲವತ್ತೆಂಟು ಡಬ್ಬಿ ಟ್ಯೂನಾ ಮೀನನ್ನು ಅವಧಿ ಮುಗಿಯುವ ಮೊದಲು ತಿಂದು ಮುಗಿಸಿದ ಆ ಒಂಬತ್ತು ದಿನಗಳನ್ನು ಫ್ರೀಡಾ ಈಗಲೂ ತಪಸ್ಸುಕಾಲ ಎಂದೇ ಕರೆಯುತ್ತಾಳೆ.

ಶನಿವಾರ ಅವಳನ್ನು ತರಗತಿಗೆ ಬಿಟ್ಟು ನಾನು ಕೌಂಟರಿಗೆ ಹೋದೆ. ಅಲ್ಲಿದ್ದವರು ವಿಟ್ಲದ ಮೊಯ್ದಿನಬ್ಬ. ನಾನೂ ಅವರ ಊರ ಕಡೆಯವನೆಂದು ತಿಳಿದೊಡನೆ ಅವರು ಮಾರುವುದನ್ನು ಬಿಟ್ಟು ಬುದ್ಧಿ ಹೇಳಲು ತೊಡಗಿದರು.

"ಪಿಸ್ತೂಲಿಗೂ ಬಾಯಿರುಚಿ ಉಂಟು ಸಾರ್. ಒಂದಕ್ಕೆ ಆದದ್ದು ಇನ್ನೊಂದಕ್ಕೆ ಆಗುದಿಲ್ಲ. ಮೂರು ಕಂಪೆನಿದು ಒಂದೊಂದು ಬಾಕ್ಸ್ ಮಾತ್ರ ತಕೊಳ್ಳಿ. ಮೇಡಂ ಬಿಟ್ಟು ನೋಡ್ಲಿ. ಯಾವುದು ಸಿಕ್ಕಿಹಾಕಿಕೊಳ್ಳದೆ ಬಾಕ್ಸಿನ ಐವತ್ತೂ ಹೋಗ್ತದೋ, ಅದ್ರಲ್ಲಿ ಕಮ್ಮಿ ರೇಟಿಂದು ಯಾವುದುಂಟೋ, ಅದನ್ನೇ ಜಾಸ್ತಿ ತಕೊಂಡ್ರಾಯ್ತು."

ಆದರೆ ನನ್ನ ಕಣ್ಣು ಆಗಲೇ ಕೆಳಗಿನ ಕಪಾಟಿಗೆ ಇಳಿದಿತ್ತು. ಅಲ್ಲಿ ಧೂಳು ಹಿಡಿದ ಪೆಟ್ಟಿಗೆಗಳ ಮೇಲೆ ಹತ್ತಕ್ಕೆ ಎರಡು ಉಚಿತ ಎಂಬ ಚೀಟಿ ಅಂಟಿಸಿತ್ತು. ಅವು ಹಳೆಯವೆಂದೂ ಅವುಗಳಲ್ಲಿ ಕೆಲವು ಸಿಡಿಯದೆ ಕೂರುತ್ತವೆಂದೂ ಮೊಯ್ದಿನಬ್ಬ ಹೇಳಿದರು. ದುಬಾರಿ ಮಾಲು ಸಾಗಹಾಕಲು ಅಂಗಡಿಯವರು ಆಡುವ ಮಾತು ಇಂಥದ್ದೇ ಎಂದು ಇಪ್ಪತ್ತು ವರ್ಷ ಖರೀದಿ ಮಾಡಿದ ನನಗೆ ಗೊತ್ತಿಲ್ಲವೇ? ಕಾಗದಕ್ಕೊಂದು ತೂತು ಮಾಡಲು ಎಷ್ಟು ಬೆಲೆಬಾಳುವ ಸೀಸ ಬೇಕು? ಹನ್ನೆರಡೂ ಪೆಟ್ಟಿಗೆಗಳನ್ನು ಫ್ರೀಡಾಳ ಲಾಕರಿಗೆ ಹಾಕಿಸಿದೆ. ಮೊಯ್ದಿನಬ್ಬ ರಸೀತಿ ಕೊಡುವಾಗ ಸಾಂತ್ವನ ಹೇಳುವವರ ಮುಖ ಮಾಡಿದ್ದರು.

ಮುಂದಿನ ಮೂರು ವಾರ ನಮ್ಮ ಮನೆಯ ಮಾತಿನಲ್ಲಿ ಹಾರಿದ್ದು ಆ ಗುಂಡುಗಳೇ.

ಫ್ರೀಡಾಳ ದೂರು ಇಷ್ಟು: ಹತ್ತರಲ್ಲಿ ಎರಡು ಸಿಡಿಯುವುದಿಲ್ಲ. ಪಿಸ್ತೂಲಿನ ಕುದುರೆ (ಟ್ರಿಗರ್) ಎಳೆದರೆ 'ಟಿಕ್' ಎಂದು ಸುಮ್ಮನಾಗುತ್ತದೆ. ಸುಮ್ಮನಾದದ್ದು ತಡವಾಗಿ ಸಿಡಿದರೂ ಸಿಡಿಯಬಹುದೆಂದು, ಪಿಸ್ತೂಲನ್ನು ಗುರಿಯ ಕಡೆಗೇ ಹಿಡಿದು ಮೂವತ್ತು ಸೆಕೆಂಡು ಕಲ್ಲಿನಂತೆ ನಿಲ್ಲಬೇಕು. ಅದು ಅಲ್ಲಿನ ನಿಯಮ. ಇವಳು ಹೀಗೆ ಪ್ರತಿಮೆಯಾಗಿ ನಿಂತಿರುವಾಗ ಪಕ್ಕದಲ್ಲಿ ಬೀಬಿ ಪಟಪಟನೆ ಒಂದು ಪೆಟ್ಟಿಗೆ ಮುಗಿಸಿ ಚಹಾ ಕುಡಿದು ಬರುತ್ತಿದ್ದರಂತೆ.

ಹತ್ತರಲ್ಲಿ ಎಂಟು ಸಿಡಿಯುವುದು ಉತ್ತಮ ಫಲಿತಾಂಶವೆಂದೂ, ನಮ್ಮ ಆಫೀಸಿನಲ್ಲಿ ಹತ್ತು ಜನರಲ್ಲಿ ಎಂಟು ಮಂದಿ ಕೆಲಸ ಮಾಡಿದ ದಿನವೇ ಇಲ್ಲವೆಂದೂ ನಾನು ವಿವರಿಸಿದೆ. ಆಕೆ ಒಪ್ಪಲಿಲ್ಲ. ಪರೀಕ್ಷೆಯಲ್ಲಿ ಹೀಗಾದರೆ ಹೊತ್ತು ಮೀರಿ ಫೇಲಾಗುತ್ತೇನೆ, ಬೇರೆ ಗುಂಡು ತರುತ್ತೇನೆ ಎಂದಳು. ಇನ್ನೂ ಒಂಬತ್ತು ಪೆಟ್ಟಿಗೆ ಇರುವಾಗ ಬೇರೆ ತರುವುದೆಂದರೆ ನನ್ನ ಸಾಮ್ರಾಜ್ಯದ ಪತನವಲ್ಲವೇ? ಕುವೈತಿನ ಸೆಕೆ, ಸಮುದ್ರದ ಗಾಳಿ, ಪಿಸ್ತೂಲಿನ ಎಣ್ಣೆ, ಎಲ್ಲದರ ಮೇಲೆ ತಪ್ಪು ಹೊರಿಸಿ ಸಾಲದೆ ಕೊನೆಗೆ ಹೇಳಬಾರದ್ದನ್ನು ಹೇಳಿಬಿಟ್ಟೆ.

"ಗುಂಡಲ್ಲಿ ಎಂತ ದೋಷವೂ ಇಲ್ಲ ಫ್ರೀಡಾ. ನಿನ್ನ ಬೆರಳಲ್ಲಿ ಬಲ ಸಾಲುದಿಲ್ಲ."

ದಿನಕ್ಕೆ ಹದಿನಾಲ್ಕು ಜನರ ಬೆನ್ನು ತಿಕ್ಕುವ ಬೆರಳುಗಳವು. ಆಕೆ ಒಮ್ಮೆ ಅವನ್ನು ನೋಡಿಕೊಂಡಳು. ಆ ದಿನ ಊಟದಲ್ಲಿ ಅಂಜಲ್ ಮೀನು ಇತ್ತು, ಮಾತು ಇರಲಿಲ್ಲ. ತಟ್ಟೆ ತೊಳೆದಿಟ್ಟು ಕೈ ಒರೆಸಿಕೊಳ್ಳುತ್ತ, "ಶನಿವಾರ ನೀವೇ ಬಂದು ಬಿಟ್ಟು ತೋರ್ಸಿ," ಎಂದಳು.

ಹೋದೆ. ಹೋಗದೆ ಇರಲು ಒಂದು ಒಳ್ಳೆಯ ಕಾರಣ ಸಿಗಲಿಲ್ಲ.

ತರಗತಿಯ ಕೋಚ್ ನಶ್ರಾ, ಮೂವತ್ತರ ಆಸುಪಾಸಿನ ಕುವೈತಿ ಹುಡುಗಿ. ಕಡಿಮೆ ಮಾತು, ಸ್ವಚ್ಛ ಇಂಗ್ಲಿಷ್. ಕಲಿಯುವವರ ಮನೆಯವರಿಗೆ, ಕೋಚ್ ಪಕ್ಕದಲ್ಲಿದ್ದರೆ, ಐದು ಗುಂಡು ಹಾರಿಸಲು ಅವಕಾಶವಿತ್ತು. ನನಗೆ ಕನ್ನಡಕ ಹಾಕಿಸಿದರು, ಕಿವಿಗೆ ತೆಂಗಿನ ಚಿಪ್ಪಿನಂಥ ಮುಚ್ಚಳ ಹಾಕಿಸಿದರು, ನಿಲ್ಲುವ ಭಂಗಿ ತೋರಿಸಿದರು. ಹೊಸಬರಿಗೆ ತಮ್ಮ ಕೈ ತಮಗೆ ಕಾಣಲೆಂದು ಪ್ರತಿಯೊಬ್ಬರ ಮೊದಲ ಗುಂಡನ್ನು ನಶ್ರಾ ಮೊಬೈಲಿನಲ್ಲಿ ಹಿಡಿಯುತ್ತಾರೆ, ನನ್ನದನ್ನೂ ಹಿಡಿದರು. ಎಡಗಡೆಯ ಸಾಲಿನಲ್ಲಿ ಬೀಬಿ ಗುರಿ ಹಿಡಿದು ನಿಂತಿದ್ದರು. ಹಿಂದೆ ಫ್ರೀಡಾ ಕೈಕಟ್ಟಿ ನಿಂತಿದ್ದಳು.

ನಾನು ಉಸಿರು ಬಿಗಿಹಿಡಿದು, ದೇವಮಾತೆಯನ್ನು ನೆನೆದು, ಕುದುರೆ ಎಳೆದೆ. 'ಢಂ' ಎಂದಿತು. ಗೆದ್ದೆ ಎಂದುಕೊಂಡೆ.

"ನೋಡಿದ್ಯಾ ಫ್ರೀಡಾ? ಎಂತಾದ್ರೂ ತೊಂದ್ರೆ ಉಂಟಾ ಇದ್ರಲ್ಲಿ?" ಎನ್ನುತ್ತ ಹಿಂದಕ್ಕೆ ತಿರುಗಹೊರಟೆ.

ತಿರುಗಲಾಗಲಿಲ್ಲ. ನಶ್ರಾ ನನ್ನ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದು ಪಿಸ್ತೂಲನ್ನು ಗುರಿಯ ಕಡೆಗೇ ನಿಲ್ಲಿಸಿದ್ದರು. ಅಲುಗಾಡಬೇಡಿ, ನಿಮ್ಮ ಗುಂಡು ಇನ್ನೂ ಒಳಗೇ ಇದೆ ಎಂದರು. ಸಿಡಿದದ್ದು ಬೀಬಿಯದು. ನನ್ನದು 'ಟಿಕ್' ಎಂದದ್ದು ಆ ಮುಚ್ಚಳದೊಳಗಿನ ಕಿವಿಗೆ ಕೇಳಿಸಿರಲಿಲ್ಲ, ಕಣ್ಣಂತೂ ಮುಚ್ಚಿಯೇ ಇತ್ತು. ನಿಯಮದಂತೆ ಮೂವತ್ತು ಸೆಕೆಂಡು ನಾನು ಹಾಗೆಯೇ ನಿಂತೆ. ಸಾಲಿನಲ್ಲಿದ್ದ ಏಳು ಹೆಂಗಸರು ತಂತಮ್ಮ ಪಿಸ್ತೂಲುಗಳನ್ನು ಮೇಜಿನ ಮೇಲಿಟ್ಟು ನನ್ನನ್ನೇ ನೋಡುತ್ತಿದ್ದರು. ಬೀಬಿ ಅರಬ್ಬಿಯಲ್ಲಿ ಏನೋ ಕೇಳಿದರು, ಎಲ್ಲರೂ ನಕ್ಕರು. ಅದರ ಅರ್ಥವನ್ನು ಫ್ರೀಡಾ ನನಗೆ ಇವತ್ತಿಗೂ ಹೇಳಿಲ್ಲ.

ಆಮೇಲೆ ನಶ್ರಾ ವಿಡಿಯೊ ತೋರಿಸಿದರು. ಅದರಲ್ಲಿ ಒಬ್ಬ ಮಧ್ಯವಯಸ್ಕ, ಹೆಗಲನ್ನು ಕಿವಿಯ ತನಕ ಏರಿಸಿ, ಕಣ್ಣು ಮುಚ್ಚಿ, ಮುಖ ಬಲಕ್ಕೆ ತಿರುಗಿಸಿ, ಮೊಣಕಾಲು ಬಗ್ಗಿಸಿ ಬಾವಿಗಿಳಿಯುವವನಂತೆ ನಿಂತಿದ್ದ. ಕುದುರೆ ಎಳೆದ ಕ್ಷಣ ಪಿಸ್ತೂಲಿನ ಮೂತಿ ನೇರ ನೆಲಕ್ಕೆ ಬಾಗಿತು. ಗುಂಡು ಸಿಡಿದಿದ್ದರೆ ಅದರ ಹೊಡೆತದಲ್ಲಿ ಇದು ಕಾಣುತ್ತಿರಲಿಲ್ಲ, ಸಿಡಿಯದೆ ಇದ್ದುದರಿಂದಲೇ ಹೆದರಿಕೆ ಇಷ್ಟು ಸ್ಪಷ್ಟವಾಗಿ ಕಂಡಿತು ಎಂದು ನಶ್ರಾ ಎಲ್ಲರಿಗೂ ವಿವರಿಸಿದರು.

ಬಳಿಕ ಅದೇ ಪೆಟ್ಟಿಗೆಯಿಂದ ಫ್ರೀಡಾ ಹಾರಿಸಿದಳು. ಎರಡು ಸಿಡಿದವು. ಮೂರನೆಯದು 'ಟಿಕ್' ಎಂದಿತು. ಅವಳ ಕೈ ಕೂದಲೆಳೆಯಷ್ಟೂ ಅಲುಗಲಿಲ್ಲ. ಯಾವುದು ಸಿಡಿಯುತ್ತದೆ, ಯಾವುದಿಲ್ಲ ಎಂದು ಗೊತ್ತಿಲ್ಲದೆ ಮೂರು ವಾರ ನಿಂತೂ ನಿಂತೂ ಅವಳ ಬೆರಳು ಹೆದರುವುದನ್ನೇ ಮರೆತಿತ್ತು. ಇದಕ್ಕಾಗಿ ನಾವು ಒಳ್ಳೆಯ ಗುಂಡುಗಳ ನಡುವೆ ಬೇಕೆಂದೇ ಸುಳ್ಳು ಗುಂಡು ಬೆರೆಸಿ ಅಭ್ಯಾಸ ಮಾಡಿಸುತ್ತೇವೆ, ನಿಮ್ಮ ಪೆಟ್ಟಿಗೆಯಲ್ಲಿ ಬೆರೆಸಿಯೇ ಬಂದಿದೆ ಎಂದರು ನಶ್ರಾ.

ನಾನು ಗಂಟಲು ಸರಿಪಡಿಸಿಕೊಂಡು, ಆ ಉದ್ದೇಶದಿಂದಲೇ ಆರಿಸಿದ್ದು ಎಂದೆ. ನಶ್ರಾ ಒಮ್ಮೆ ಮೊಬೈಲನ್ನು ನೋಡಿದರು, ಒಮ್ಮೆ ನನ್ನನ್ನು ನೋಡಿದರು.

ಫ್ರೀಡಾಳನ್ನು ಕೂರಿಸಿಕೊಂಡು ಕಾರಿನಲ್ಲಿ ಮನೆಗೆ ಹೊರಟೆ. ಫಹಾಹೀಲ್ ರಸ್ತೆಗೆ ತಿರುಗಿದ ಮೇಲೆ ಮೆಲ್ಲಗೆ ಕೇಳಿದಳು: "ಬೆರಳು ಸರಿ ಉಂಟಲ್ವಾ ನಂದು?"

ಸರಿ ಉಂಟು ಎಂದೆ. ಕ್ಷಮಿಸು ಎಂದೂ ಅಂದೆ, ಆದರೆ ಪಕ್ಕದಲ್ಲಿ ದೊಡ್ಡ ಟ್ರಕ್ಕು ಹಾದುಹೋಗುವ ಸಮಯ ನೋಡಿ.

ಪರೀಕ್ಷೆಗೆ ಆಕೆ ನನ್ನನ್ನು ಕೇಳದೆ ಮೊಯ್ದಿನಬ್ಬ ಹೇಳಿದಂತೆಯೇ ಮಾಡಿದಳು. ಮೂರು ಕಂಪೆನಿಯದು ಒಂದೊಂದು ಪೆಟ್ಟಿಗೆ. ಒಂದು ಕಂಪೆನಿಯದು ಎರಡು ಸಲ ಸಿಕ್ಕಿಹಾಕಿಕೊಂಡಿತು, ಇನ್ನೆರಡು ಸಲೀಸಾಗಿ ಹೋದವು. ಆ ಎರಡರಲ್ಲಿ ಅಗ್ಗದ್ದನ್ನು ಆರಿಸಿದಳು. ನಾನು ಇಪ್ಪತ್ತು ವರ್ಷಗಳಲ್ಲಿ ಕಲಿಯದ ಪರ್ಚೇಸ್ ವಿದ್ಯೆ ಅವಳಿಗೆ ಒಂದು ಶನಿವಾರದಲ್ಲಿ ಬಂತು. ಪರೀಕ್ಷೆಯಲ್ಲಿ ಇಡೀ ತಂಡಕ್ಕೆ ಎರಡನೆಯವಳಾದಳು. ಬೀಬಿಯವರು ಕೊನೆಯಿಂದ ಎರಡನೆಯವರಾದರು. ಆದರೂ ಕ್ಲಬ್ಬಿಗೆಲ್ಲ ಸಿಹಿ ಹಂಚಿದ್ದು ಅವರೇ.

ಕಥೆ ಇಲ್ಲಿಗೆ ಮುಗಿದಿದ್ದರೆ ನನ್ನ ಮರ್ಯಾದೆ ಅಷ್ಟಿಷ್ಟು ಉಳಿಯುತ್ತಿತ್ತು. ಕಳೆದ ವಾರ ನಶ್ರಾ ಫೋನ್ ಮಾಡಿದರು. ಹೊಸ ತಂಡ ಬಂದಿದೆ, ವಿಡಿಯೊ ತೋರಿಸುತ್ತಿದ್ದೇನೆ, ಎಲ್ಲರಿಗೂ ಬಹಳ ಉಪಯೋಗವಾಗಿದೆ, ಆದರೆ ಎದುರಿಗೇ ನೋಡಿದರೆ ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ, ಮಿಸ್ಟರ್ ರಾನ್ಸನ್ (ಅಂದರೆ ನಾನು) ಪ್ರತಿ ಶನಿವಾರ ಹತ್ತು ನಿಮಿಷ ಬರಬಹುದೇ ಎಂದು ಕೇಳಿದರು. ಪ್ರತಿಫಲವಾಗಿ ಫ್ರೀಡಾಳಿಗೆ ವಾರಕ್ಕೊಂದು ಪೆಟ್ಟಿಗೆ ಒಳ್ಳೆಯ ಗುಂಡು ಕ್ಲಬ್ಬಿನ ವತಿಯಿಂದ ಉಚಿತ.

ನಾನು ಗೌರವಯುತವಾಗಿ ನಿರಾಕರಿಸಲು ಬಾಯಿ ತೆರೆಯುವಷ್ಟರಲ್ಲಿ ಫ್ರೀಡಾ ಫೋನ್ ಕಿತ್ತುಕೊಂಡು ಒಪ್ಪಿಯಾಗಿತ್ತು. ನಾಳೆ ಬೆಳಿಗ್ಗೆ ಒಂಬತ್ತಕ್ಕೆ ನನ್ನ ಮೊದಲ ಪಾಠ. ಹಾಕಿಕೊಳ್ಳಲು ನೀಲಿ ಬಣ್ಣದ ಸಡಿಲ ಜುಬ್ಬಾ ತೆಗೆದಿಟ್ಟಿದ್ದೆ. ಅವಳು ಅದನ್ನು ಕಪಾಟಿಗೆ ಮರಳಿಸಿ, ಬಿಳಿಯ ಬಿಗಿ ಶರ್ಟೊಂದನ್ನು ಇಸ್ತ್ರಿ ಮಾಡಿ ಕುರ್ಚಿಗೆ ತೂಗಿಸಿದ್ದಾಳೆ. ಹೆಗಲು ಮೇಲೇರುವುದು ಹಿಂದಿನ ಸಾಲಿನವರಿಗೂ ಕಾಣಬೇಕಂತೆ.